ಆಷಾಢದಲ್ಲಿ ಕೆಂಪು ಕೋಟೆ

ಯೋಜನೆ ಹಾಕುವವರಿಗೆ ಒಂದು ಸುಖವಿದೆ. ಕೆಲಸ ಆಗದಿದ್ದರೂ ಅರ್ಧ ಆದಂತೆಯೇ ಅನಿಸುತ್ತಿರುತ್ತದೆ. ಆ ಸುಖವನ್ನು ನಾನು ನಾಲ್ಕು ವರ್ಷ ಅನುಭವಿಸಿದ್ದೇನೆ. ಎಲ್ಲವನ್ನೂ ಬರೆದಿಡುವುದು ನನ್ನ ಚಟ. ಚನ್ನಗಿರಿಯಿಂದ ಹೊನ್ನಾಳಿಯ ಶಾಲೆಗೆ ಗುಮಾಸ್ತೆ ಕೆಲಸಕ್ಕೆ ದಿನವೂ ಓಡಾಡುವ ನಾನು, ಹೋದ ವರ್ಷ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಎಷ್ಟು ದಿನ ಸಿಕ್ಕಿತೆಂದು ಕೇಳಿದರೂ ಹೇಳಬಲ್ಲೆ. ಮೂವತ್ತೊಂದು ದಿನ. ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಇಂಥ ನನ್ನ ಕೈಗೆ ಅವ್ವನ ಆಸೆ ಸಿಕ್ಕಿತು. ಅವ್ವ ಇಪ್ಪತ್ತಾರು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಪ್ರತಿ ಆಗಸ್ಟ್‌ನಲ್ಲೂ ಮಕ್ಕಳ ಮುಂದೆ ಒಂದು ಚಾರ್ಟ್ ಹಿಡಿದು, ‘ಇದು ಕೆಂಪು ಕೋಟೆ, ದಿಲ್ಲಿಯಾಗೆ ಐತೆ, ಇಲ್ಲಿ ಬಾವುಟ ಹಾರಿಸ್ತಾರೆ’ ಎಂದು ಹೇಳಿಕೊಟ್ಟವಳು. ನಿವೃತ್ತಿಯ ವರ್ಷ ಒಬ್ಬಳು ಪುಟಾಣಿ, ‘ನೀವು ನೋಡೀರೇನು ಟೀಚರ್?’ ಅಂದಳಂತೆ. ಅವ್ವ ಮನೆಗೆ ಬಂದು ಚೀಲ ಇಳಿಸುವ ಮೊದಲೇ, ‘ನನ್ನ ಒಂದ್ಸಲ ದಿಲ್ಲಿಗೆ ಕರ್ಕೊಂಡು ಹೋಗವ್ವಾ. ಮಂಡಿ ಇನ್ನೂ ಮಾತು ಕೇಳ್ತೈತೆ, ಮುಂದೆ ಹೆಂಗೋ’ ಅಂದಳು. ನಾನು ಆ ದಿನವೇ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ.

ಅದರಲ್ಲಿ ಮೊದಲ ತೊಂಬತ್ತು ಪುಟ ದೆಹಲಿಯ ಇತಿಹಾಸ. ಒಂದೇ ಊರು ಅಂದುಕೊಂಡಿದ್ದೆ. ಒಂದರ ಪಕ್ಕ ಒಂದರಂತೆ ಏಳು ದೆಹಲಿಗಳು ಎದ್ದು ಬಿದ್ದಿವೆಯಂತೆ. ಬಂದ ರಾಜನಿಗೆಲ್ಲ ಹಿಂದಿನವನ ಮನೆ ಹಿಡಿಸದೆ ಮಗ್ಗುಲಲ್ಲೇ ಹೊಸ ಕೋಟೆ ಕಟ್ಟಿಸಿದ್ದಾನೆ. ತುಘಲಕರ ವಂಶದ ಒಬ್ಬ ಸುಲ್ತಾನನಂತೂ ಅಷ್ಟು ದೊಡ್ಡ ಊರಿನ ಜನರನ್ನು ದೂರದ ದೇವಗಿರಿಗೆ ಸಾಗಿಸಿ, ಕೆಲವು ವರ್ಷ ಬಿಟ್ಟು ವಾಪಸ್ ನಡೆಸಿಕೊಂಡು ಬಂದ. ನನ್ನ ಕೈಯಲ್ಲಿ ಅವ್ವನೊಬ್ಬಳನ್ನು ಚನ್ನಗಿರಿಯಿಂದ ದಾವಣಗೆರೆ ಸ್ಟೇಷನ್ನಿನವರೆಗೂ ಸಾಗಿಸಲಾಗಲಿಲ್ಲ. ಆ ಸುಲ್ತಾನನನ್ನು ಜನ ಹುಚ್ಚನೆಂದರೂ ನನಗೆ ಅವನ ಮೇಲೆ ಗೌರವವಿದೆ.

ಮಿಕ್ಕ ಪುಟಗಳಲ್ಲಿ ‘ಯಾವಾಗ ಹೋಗಬೇಕು’ ಎಂಬ ಪ್ರಶ್ನೆ. ಮಾರ್ಚ್ ಅರ್ಧದಿಂದ ಜೂನ್‌ವರೆಗೆ ಬೆಂಕಿ. ಜುಲೈ, ಆಗಸ್ಟ್ ಮಳೆ ಮತ್ತು ಬೆವರು. ಸೆಪ್ಟೆಂಬರ್ ನಂಬುವ ಹಾಗಿಲ್ಲ. ಅಕ್ಟೋಬರ್ ಚೆನ್ನ, ಆದರೆ ನಮ್ಮಲ್ಲಿ ನವರಾತ್ರಿ. ನವೆಂಬರ್ ಹೊಗೆ. ಡಿಸೆಂಬರ್‌ನಿಂದ ಫೆಬ್ರವರಿ ಅರ್ಧದವರೆಗೆ ಮಂಜಿನಲ್ಲಿ ರೈಲು ಎಲ್ಲಿದೆಯೆಂದು ರೈಲಿಗೇ ಗೊತ್ತಿರುವುದಿಲ್ಲ. ಎಲ್ಲ ಕಳೆದು ಉಳಿದದ್ದು ಫೆಬ್ರವರಿ ಹದಿನೈದರಿಂದ ಮಾರ್ಚ್ ಹದಿನೈದು, ಇಪ್ಪತ್ತೊಂಬತ್ತು ದಿನ. ಅದರ ಸುತ್ತ ಹಸಿರು ಶಾಯಿಯಲ್ಲಿ ಚೌಕ ಹಾಕಿದೆ.

ಆ ಚೌಕದೊಳಗೆ ನಮ್ಮ ಬಂಧುಗಳು ನುಗ್ಗಿದರು. ದೂರ ಪ್ರಯಾಣ ಹೋಗುವ ಮುಂಚೆ ಹತ್ತಿರದವರ ಮನೆಗೆ ಹೋಗಿ ‘ಹೋಗಿ ಬರ್ತೀವಿ’ ಎಂದು ಹೇಳಿ ಬರುವುದು ನಮ್ಮಲ್ಲಿ ರೂಢಿ. ಹೇಳದಿದ್ದರೆ ‘ನಮಗೊಂದು ಮಾತು ತಿಳಿಸಲಿಲ್ಲ’ ಎಂದು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಮೊದಲ ವರ್ಷ ಹೇಳಲು ಹೋದಾಗ ಜಗಳೂರಿನ ಸೋದರಮಾವ, ‘ಹೋಗಿ ಬರ್ರಿ, ಬ್ಯಾಡ ಅಂದೋರು ಯಾರು? ಆದ್ರೆ ಮಾರ್ಚ್ ಎರಡನೇ ತಾರೀಕು ಗೃಹಪ್ರವೇಶ ಐತೆ. ಒಡಹುಟ್ಟಿದ ಅಕ್ಕ ಇಲ್ದೆ ಹಾಲು ಉಕ್ಕುಸ್ಲೇನು?’ ಅಂದ. ಎರಡನೆಯ ವರ್ಷ ಗೋವಿನಕೋವಿಯ ಅತ್ತೆ ಮಗಳ ಮದುವೆ. ಮೂರನೆಯ ವರ್ಷ ಕತ್ತಲಗೆರೆಯ ದೊಡ್ಡಮ್ಮನ ಮನೆಯಲ್ಲಿ ನಾಮಕರಣ. ನಾಲ್ಕನೆಯ ವರ್ಷ ಅದೇ ಮಗುವಿನ ಹುಟ್ಟುಹಬ್ಬ. ದೆಹಲಿಯ ಹವೆ ಒಳ್ಳೆಯದಿರುವ ದಿನಗಳನ್ನೇ ನಮ್ಮ ಪುರೋಹಿತರೂ ಹುಡುಕಿ ಇಡುತ್ತಾರೇನೋ. ಟಿಕೆಟ್ ನಾಲ್ಕು ಸಲ ಮಾಡಿಸಿದೆ, ನಾಲ್ಕು ಸಲ ರದ್ದು ಮಾಡಿಸಿದೆ. ಅಷ್ಟರಲ್ಲಿ ಅವ್ವ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದ್ದಳು. ಅದನ್ನು ಮಾತ್ರ ನಾನು ಎಲ್ಲೂ ಬರೆದಿಡಲಿಲ್ಲ.

ಈ ವರ್ಷ ಅವ್ವ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಕೇಳಿದಳು. ‘ನಿನ್ನ ಪುಸ್ತಕದಾಗೆ ಜುಲೈಗೆ ಏನು ಬರ್ದೀಯ?’

‘ಬೇಡ ಅಂತ. ಕೆಂಪು ಶಾಯಿಯಲ್ಲಿ, ಎರಡು ಗೆರೆ ಎಳೆದು.’

‘ಜುಲೈ ಅಂದ್ರೆ ಆಷಾಢ. ಯಾರ ಮನ್ಯಾಗೂ ಮದುವಿಲ್ಲ, ಮುಂಜಿಲ್ಲ. ಕರೆಯಾಕೆ ಯಾರೂ ಬರಲ್ಲ. ಆಗ್ಲೇ ಹೋಗಾಣ.’

ಸುದ್ದಿ ತಿಳಿದು ಗೋವಿನಕೋವಿಯ ಅತ್ತೆ ಫೋನ್ ಮಾಡಿದರು. ‘ಆಷಾಢದಾಗೆ ಯಾರಾದ್ರೂ ದೂರ ಹೋಗ್ತಾರೇನು ಅತ್ತಿಗೆ?’

‘ಹೊಸ ಮದುಮಗಳು ತವರಿಗೆ ಹೋಗಲ್ಲೇನು? ಅಂಗೇ ನಾನು ದಿಲ್ಲಿಗೆ ಹೋಗ್ತೀನಿ’ ಎಂದು ಅವ್ವ ಫೋನಿಟ್ಟಳು.

ಅಂತೂ ಶನಿವಾರ ಬೆಳಿಗ್ಗೆ ದೆಹಲಿಯಲ್ಲಿ ಇಳಿದೆವು. ಅವ್ವ ಅಂದಳು, ‘ನಡಿ, ಮೊದ್ಲು ಕೆಂಪು ಕೋಟೆ.’ ನಾನು ನೋಟ್‌ಬುಕ್ ತೆರೆದೆ. ಊರನ್ನು ಇತಿಹಾಸದ ಕ್ರಮದಲ್ಲೇ ನೋಡಬೇಕೆಂಬುದು ನನ್ನ ಹಠ. ‘ಕೆಂಪು ಕೋಟೆ ಹದಿನೇಳನೇ ಶತಮಾನ ಅವ್ವಾ. ನಾವಿನ್ನೂ ಹದಿಮೂರರಲ್ಲಿದ್ದೇವೆ’ ಎಂದು ಕುತುಬ್ ಮಿನಾರಿಗೆ ಕರೆದೊಯ್ದೆ. ಭಾನುವಾರ ತುಘಲಕಾಬಾದ್. ಮಳೆ ಬಂದು ನಿಂತು ಬೆವರಿಳಿಯುವ ಆ ಹಾಳು ಕೋಟೆಯಲ್ಲಿ ಅವ್ವ ಒಂದು ಕಲ್ಲಿನ ಮೇಲೆ ಕೂತು, ‘ಮೊಘಲರು ಇನ್ನೂ ಎಷ್ಟೊತ್ತಿಗೆ ಬರ್ತಾರೆ?’ ಎಂದು ಕೇಳಿದಳು. ‘ನಾಳೆ’ ಎಂದೆ. ನಾಳೆ ಬೆಳಿಗ್ಗೆ ಕೋಟೆ, ಸಂಜೆ ರೈಲು, ಎಲ್ಲ ನಿಮಿಷ ಲೆಕ್ಕದಲ್ಲಿ ಕೂತಿತ್ತು.

ಸೋಮವಾರ ಬೆಳಿಗ್ಗೆ ಕೆಂಪು ಕೋಟೆಯ ಮುಂದೆ ಆಟೋದಿಂದ ಇಳಿದೆವು. ಜನವಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಕಾವಲಿನವರು ಹಿಂದಿಯಲ್ಲಿ ಏನೋ ಹೇಳಿದರು. ಚನ್ನಗಿರಿ ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತ ಅರೆಬರೆ ಹಿಂದಿಯಿಂದಲೇ ಅವ್ವನಿಗೆ ನನಗಿಂತ ಮೊದಲು ಅರ್ಥವಾಯಿತು. ‘ಸೋಮವಾರ ಬಂದ್ ಅಂತೆ ಕಣವ್ವ. ಪ್ರತಿ ಸೋಮವಾರ.’

ನಾಲ್ಕು ವರ್ಷ. ಹನ್ನೆರಡು ತಿಂಗಳನ್ನೂ ಜರಡಿ ಹಿಡಿದಿದ್ದೆ, ವಾರದ ಏಳು ದಿನಗಳ ಕಡೆಗೆ ಕಣ್ಣು ಹಾಯಿಸಿರಲಿಲ್ಲ. ನಾನು ಫುಟ್‌ಪಾತ್ ಮೇಲೆ ಕೂತು ನಿಜವಾಗಿಯೂ ಅತ್ತುಬಿಟ್ಟೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

‘ನಾಳೆ ತೆಗಿತಾರಲ್ಲ, ಅಳೋದೇನು?’

‘ಸಂಜೆ ರೈಲಿದೆ ಅವ್ವಾ!’

‘ಹೋಗ್ಲಿ ಬಿಡು. ರೈಲು ಮತ್ತೆ ಸಿಗ್ತೈತೆ. ನನಗೆ ಮತ್ತೆ ಮತ್ತೆ ಬರಾಕೆ ಆಗ್ತೈತೇನು?’

ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ರೈಲನ್ನು ಬೇಕೆಂದೇ ಬಿಟ್ಟೆ. ಮಂಗಳವಾರ ಬಾಗಿಲು ತೆಗೆದಾಗ ಸಾಲಿನಲ್ಲಿ ಮೊದಲು ನಿಂತಿದ್ದವಳು ಅವ್ವ. ಬಾವುಟ ಹಾರಿಸುವ ಗೋಡೆಯ ಕೆಳಗೆ ತಲೆಯೆತ್ತಿ ಬಹಳ ಹೊತ್ತು ನಿಂತಳು. ನಾನು ತೊಂಬತ್ತು ಪುಟಗಳನ್ನೂ ಶುರು ಮಾಡಿದೆ. ಅವ್ವ ಕೈಯೆತ್ತಿ ತಡೆದಳು. ‘ಬಣ್ಣ ನೋಡೇ. ಇದು ಹಣ್ಣು ಮೆಣಸಿನಕಾಯಿ ಕೆಂಪಲ್ಲ, ಇಟ್ಟಿಗೆ ಕೆಂಪು. ಇಪ್ಪತ್ತಾರು ವರ್ಷ ಆ ಮಕ್ಕಳ ಕೈಲಿ ತಪ್ಪು ಬಣ್ಣ ಹಾಕ್ಸೀನಿ.’ ಹೇಳುತ್ತಾ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. ಆಮೇಲೆ ಯಾರ ಕೈಯೂ ಹಿಡಿಯದೆ ಒಳಗೆ ನಡೆದಳು.

ಊರಿಗೆ ಬಂದ ಮೇಲೆ ಅತ್ತೆ, ಸೋದರಮಾವ ಎಲ್ಲರೂ ನಮ್ಮ ಮನೆಗೆ ಬಂದರು. ‘ನಾವೂ ಹೋಗೋದಾದ್ರೆ ದಿಲ್ಲಿಗೆ ಯಾವಾಗ ಹೋಗ್ಬೇಕೇ?’ ಎಂದು ಅತ್ತೆ ನನ್ನನ್ನೇ ಕೇಳಿದರು. ನಾಲ್ಕು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆ. ಗಂಟಲು ಸರಿಮಾಡಿಕೊಂಡು, ಫೆಬ್ರವರಿ ಹದಿನೈದರಿಂದ ಆರಂಭಿಸಲು ಬಾಯಿ ತೆರೆದೆ.

‘ಯಾವಾಗನ್ನ ಹೋಗ್ರಿ, ಸೋಮವಾರ ಒಂದು ಬ್ಯಾಡ’ ಅಂದಳು ಅವ್ವ, ಒಳಗಿನಿಂದ ಚಹಾ ತರುತ್ತಾ.

ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಚೆನ್ನಾಗಿ ಕಾಣುವುದಿಲ್ಲವಲ್ಲ. ಮೊದಲ ಲೋಟ ನಾನೇ ತೆಗೆದುಕೊಂಡೆ.