ಸಿದ್ದಲಿಂಗೇಶನ ಪಿಕಪ್ ಪ್ರಕರಣ

ಗಂಡಸಿನ ಮಾನ ಎಲ್ಲಿ ಬೇಕಾದರೂ ಹೋಗಬಹುದು. ಸಿದ್ದಲಿಂಗೇಶನದು ಸಂಡೂರಿನ ಏರಿನಲ್ಲಿ ಹೋಯಿತು.

ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ನೀರಿನ ಮೋಟರು, ಪೈಪುಗಳ ಅಂಗಡಿ ಇಟ್ಟುಕೊಂಡಿದ್ದ ಈ ಸಿದ್ದಲಿಂಗೇಶ ಹೆಂಡತಿ ತ್ರಿವೇಣಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಂಡೂರಿನ ಅವಳ ತವರಿಗೆ ಹೊರಟಿದ್ದ. ಏರು ಶುರುವಾಗುತ್ತಲೇ ಬೈಕು ದಮ್ಮು ಹತ್ತಿದ ಮುದುಕನ ಹಾಗೆ ಏದುಸಿರು ಬಿಡತೊಡಗಿತು. ಎಕ್ಸಲರೇಟರ್ ತಿರುವಿದಷ್ಟೂ ಕೆಮ್ಮಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದಿಂದ ಇನ್ನೊಂದು ಬೈಕು ಸುಂಯ್ ಎಂದು ದಾಟಿತು. ಅದೇ ಕಂಪನಿ, ಅದೇ ಬಣ್ಣ, ಅದೇ ದಸರಾ ಹಬ್ಬಕ್ಕೆ ಒಂದೇ ಶೋರೂಮಿನಿಂದ ಹೊರಬಿದ್ದ ಅವಳಿ ಗಾಡಿ. ಓಡಿಸುತ್ತಿದ್ದವನು ಪಕ್ಕದ ಮನೆಯ ಜಂಬುನಾಥ, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಹಿಂದೆ ಅವನ ಹೆಂಡತಿ ವಿರುಪಮ್ಮ, ಅವಳ ತೊಡೆಯ ಮೇಲೆ ಒಂದು ಅಕ್ಕಿಚೀಲ ಬೇರೆ. (ವಿರುಪಮ್ಮ ಹಗುರ ಹೆಂಗಸಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆಕೆಯ ಎದುರಿಗೆ ಹೇಳುವ ಧೈರ್ಯ ಮಾತ್ರ ಓಣಿಯಲ್ಲಿ ಯಾರಿಗೂ ಇಲ್ಲ.) ದಾಟಿದವನು ದಾಟಿಕೊಂಡು ಹೋಗಬಾರದೆ? ತಿರುಗಿ ನೋಡಿ, ಕೈ ಎತ್ತಿ ಟಾಟಾ ಮಾಡಿದ.

"ಯಾಕ್ರೀ, ನಮ್ಮ ಗಾಡಿ ಹಿಂಗ್ಯಾಕ ತೆವಳ್ತೈತಿ?" ಎಂದಳು ತ್ರಿವೇಣಿ.

"ಲೋಡ್ ಜಾಸ್ತಿ ಆಗೈತಿ," ಎಂದುಬಿಟ್ಟ ಸಿದ್ದಲಿಂಗೇಶ.

ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ಅವನಿಗೆ ಗೊತ್ತಾಯಿತು. ತವರಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮಾತ್ರ ತ್ರಿವೇಣಿ ಬಾಯಿ ಬಿಟ್ಟಳು: "ನನಗ ಅರ್ಧ ರೊಟ್ಟಿ ಸಾಕವ್ವ. ಇವರ ಗಾಡಿಗೆ ಭಾರ ಆಗ್ತೈತಿ." ಅತ್ತೆ, ಮಾವ, ಮೈದುನ ಎಲ್ಲರೂ ತುತ್ತು ಕೈಯಲ್ಲಿ ಹಿಡಿದು ಅಳಿಯನ ಮುಖ ನೋಡಿದರು. ಸಿದ್ದಲಿಂಗೇಶ ಎಣ್ಣೆಗಾಯಿಯ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಹಿಂದೆ ಅವನ ಸ್ಥಿತಿ ಹೀಗಿರಲಿಲ್ಲ. ಹಳೆಯ ಗಾಡಿಗಳ ಕಾಲದಲ್ಲಿ ಆತ ಆ ಓಣಿಯ ಕಾರ್ಬೊರೇಟರ್ ಧನ್ವಂತರಿ. ಇಂಜಿನ್ನಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಸ್ಕ್ರೂಡ್ರೈವರನ್ನು ಕಾಲು ಸುತ್ತು ತಿರುವಿದನೆಂದರೆ ಎಂಥ ಗೊರಗೊರ ಗಾಡಿಯೂ ವೀಣೆಯ ಹಾಗೆ ನುಡಿಯುತ್ತಿತ್ತು. (ಎರಡು ಗಾಡಿಗಳು ಮತ್ತೆ ನುಡಿಯಲೇ ಇಲ್ಲ ಎಂಬುದು ಅವನನ್ನು ಕಂಡರಾಗದವರ ಮಾತು.) ಈಗಿನ ಬೈಕಿನಲ್ಲಿ ಕಾರ್ಬೊರೇಟರೇ ಇಲ್ಲ, ಇರುವುದು ಇಂಜೆಕ್ಷನ್. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂಬುದನ್ನು ಸೀಟಿನ ಕೆಳಗೆ ಕೂತ ಒಂದು ಕಂಪ್ಯೂಟರ್ ಡಬ್ಬಿ ನಿರ್ಧರಿಸುತ್ತದೆ. ಆ ಡಬ್ಬಿಗೆ ತಿರುವುವುದಕ್ಕೆ ಒಂದು ಸ್ಕ್ರೂ ಕೂಡ ಇಲ್ಲ. ಧನ್ವಂತರಿಗೆ ನಾಡಿ ಹಿಡಿಯಲು ರೋಗಿಯ ಕೈಯೇ ಸಿಗದಂತಾಗಿತ್ತು.

ಆದರೆ ಮೊಬೈಲಿನಲ್ಲಿ ಹುಡುಕಿದರೆ ಸಿಗದ ವಿದ್ಯೆ ಯಾವುದು? ಸಂಡೂರಿನಿಂದ ಬಂದವನೇ ವಿಡಿಯೊಗಳ ಮುಂದೆ ತಪಸ್ಸಿಗೆ ಕೂತ ಸಿದ್ದಲಿಂಗೇಶನಿಗೆ ಕೊನೆಗೂ ಸಾಕ್ಷಾತ್ಕಾರವಾಯಿತು. ಹೆಬ್ಬೆರಳಿನಷ್ಟು ದೊಡ್ಡ ಒಂದು ಸಾಧನ. ಅದನ್ನು ಸೀಟಿನ ಕೆಳಗಿನ ವೈರಿಗೆ ಸಿಕ್ಕಿಸಬೇಕು. ಅದು ಬ್ಲೂಟೂತಿನಲ್ಲಿ ಮೊಬೈಲಿನ ಜೊತೆ ಮಾತಾಡುತ್ತದೆ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಸಾಕು, ಪೆಟ್ರೋಲ್ ಹೆಚ್ಚು ಬೇಕೆಂದರೆ ಹೆಚ್ಚು, ಕಡಿಮೆ ಬೇಕೆಂದರೆ ಕಡಿಮೆ. ತಕ್ಷಣ ತರಿಸಿದ.

ಪಾರ್ಸೆಲ್ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕೊರಿಯರ್‌ನವನು ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದ. ಸಂಜೆ ಜಂಬುನಾಥ ಅದನ್ನು ಕಾಂಪೌಂಡಿನ ಮೇಲಿಂದ ಚಾಚಿ, "ಏನ್ ಸಿದ್ದಣ್ಣ, ಗಾಡಿ ಸಾಮಾನು ಇದ್ದಂಗೈತಲ್ಲ?" ಎಂದ.

"ಏ, ಅಂಗಡೀದು. ವಾಷರ್ರು," ಎಂದು ಸಿದ್ದಲಿಂಗೇಶ ಕಸಿದುಕೊಂಡ.

ಜಂಬುನಾಥ ಕವರಿನ ಮೇಲಿದ್ದ ಸಾಮಾನಿನ ಹೆಸರನ್ನು ಓದಿಕೊಂಡಿದ್ದ. ತಲೆಯಾಡಿಸಿ ಒಳಗೆ ಹೋದ.

ಭಾನುವಾರ ಬಂತು. ಬೆಳಿಗ್ಗೆ ತ್ರಿವೇಣಿ ಸಂಡಿಗೆ ಹಾಕಲು ಮಾಳಿಗೆ ಹತ್ತಿದಳು. ಪಕ್ಕದ ಮಾಳಿಗೆಯಲ್ಲಿ ವಿರುಪಮ್ಮನೂ ಹಪ್ಪಳ ಹರವುತ್ತಿದ್ದಳು. ಅಂಗಳದ ಕಟ್ಟೆಯ ಮೇಲೆ ಸಿದ್ದಲಿಂಗೇಶನ ತಾಯಿ ಸಂಗಮ್ಮ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಸಿದ್ದಲಿಂಗೇಶ ಸಾಧನವನ್ನು ವೈರಿಗೆ ಸಿಕ್ಕಿಸಿ ಮೊಬೈಲ್ ತೆರೆದ. ಎಂಥ ಅದ್ಭುತ! ಅವನಿನ್ನೂ ಬೈಕಿಗೆ ಕೀಲಿ ಕೂಡ ಹಾಕಿರಲಿಲ್ಲ, ಅಷ್ಟರಲ್ಲೇ ಮೊಬೈಲಿನಲ್ಲಿ 'ಕನೆಕ್ಟೆಡ್' ಎಂದು ಬಂತು. ವಿಜ್ಞಾನ ಎಲ್ಲಿಗೆ ಮುಟ್ಟಿದೆ ಎಂದು ತಲೆದೂಗಿ, ಆಮೇಲೆ ಕೀಲಿ ತಿರುವಿ ಬೈಕು ಶುರು ಮಾಡಿದ.

ಪೆಟ್ರೋಲ್ ಐದು ಪಾಯಿಂಟ್ ಏರಿಸಿದ. ಬೈಕು ಇದ್ದ ಹಾಗೇ ಇತ್ತು. ಹತ್ತು ಏರಿಸಿದ. ಊಹೂಂ. ಕಾಂಪೌಂಡಿನ ಆಚೆ ಮಾತ್ರ ಜಂಬುನಾಥನ ಬೈಕು ಭರ್ರ್ ಎಂದು ಅರಚಿತು.

"ನಾನು ಟ್ಯೂನ್ ಮಾಡೋದು ಗೊತ್ತಾಗಿ ಹೊಟ್ಟಿ ಉರ್ಕೊಂಡು ರೇಸ್ ಮಾಡಾಕತ್ತಾನ," ಎಂದು ಸಿದ್ದಲಿಂಗೇಶ ಮನಸ್ಸಿನಲ್ಲೇ ನಕ್ಕು ಇನ್ನೂ ಹತ್ತು ಒತ್ತಿದ. ಆಚೆ ಢಬ್ ಎಂದಿತು. ಈಚೆ ಏನಿಲ್ಲ. ಬೇಸತ್ತು ಕೈ ಬಿಟ್ಟು ಬೆವರು ಒರೆಸಿಕೊಳ್ಳುತ್ತಿರುವಾಗ, ಅವನ ಬೈಕು ತನ್ನಷ್ಟಕ್ಕೆ ತಾನೇ ಸಣ್ಣಗೆ ಗುರ್ರ್ ಎಂದು ದನಿ ಏರಿಸಿತು.

ಆಗ ಸಿದ್ದಲಿಂಗೇಶನಿಗೆ ಒಳಗುಟ್ಟು ಹೊಳೆಯಿತು. ಈ ಕಂಪ್ಯೂಟರ್ ಡಬ್ಬಿ ಸರ್ಕಾರಿ ಕಚೇರಿ ಇದ್ದ ಹಾಗೆ. ಅರ್ಜಿ ಕೊಟ್ಟ ಕೂಡಲೇ ಕೆಲಸ ಆಗುವುದಿಲ್ಲ. ಒಳಗೆ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ, ಸಹಿ ಬಿದ್ದ ಮೇಲೆ ಹೊರಗೆ ಫಲ ಕಾಣುತ್ತದೆ. ಸರಿ, ಒತ್ತುವುದು, ಕಾಯುವುದು. ಮತ್ತೆ ಒತ್ತುವುದು, ಮತ್ತೆ ಕಾಯುವುದು. ಕಾದಾಗಲೆಲ್ಲ ಬೈಕು ಒಂದಿಷ್ಟು ಬದಲಾಗುತ್ತಿತ್ತು. ಆಚೆ ಕಡೆಯ ಗದ್ದಲವೂ ಏರುತ್ತಲೇ ಇತ್ತು.

ನಡುವೆ ಚಹಾ ಕುಡಿಯಲು ಒಳಗೆ ಹೋದ. ಅಂಗಳದಿಂದ ತಾಯಿಯ ಕೂಗು ಕೇಳಿಸಿತು.

"ಸಿದ್ದೂ, ಜಲ್ದಿ ಬಾರಪ್ಪ! ಗಾಡಿ ಹತ್ರ ಯಾರೂ ಇಲ್ಲ, ಅದು ತಾನ ಒದರಾಕತ್ತೈತಿ!"

ಹೊರಗೆ ಬಂದು ನೋಡಿದರೆ ನಿಂತ ಬೈಕು ನಿಂತಲ್ಲೇ ಒಮ್ಮೆ ಗುನುಗುತ್ತಿತ್ತು, ಒಮ್ಮೆ ಗದರುತ್ತಿತ್ತು.

"ಅದು ಹಂಗಲ್ಲಬೇ. ಒಳಗ ಇಂಜೆಕ್ಷನ್ ಕೆಲಸ ಮಾಡಾಕತ್ತೈತಿ."

"ಇಂಜೆಕ್ಷನ್ ಕೊಟ್ರ ಯಾರಾದ್ರೂ ಒದರ್ತಾರ! ನೀನು ಸರದು ನಿಂದ್ರು. ಇದಕ್ಕ ಕಣ್ಣು ತಾಗೈತಿ." ಸಂಗಮ್ಮ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ತಂದು ಬೈಕಿನ ಹೆಡ್‌ಲೈಟಿನಿಂದ ಸೈಲೆನ್ಸರಿನ ತನಕ ನಿವಾಳಿಸಿದಳು. ಪೆಟ್ರೋಲ್ ಟ್ಯಾಂಕಿಗೆ ವಿಭೂತಿ ಬಳಿದಳು. ಹೇಳಿ ಮಾಡಿಸಿದ ಹಾಗೆ ಆ ಕ್ಷಣಕ್ಕೇ ಬೈಕು ತಣ್ಣಗಾಗಿ, ಹಾಲು ಕುಡಿದ ಕೂಸಿನಂತೆ ಒಂದೇ ಲಯದಲ್ಲಿ ಗುನುಗತೊಡಗಿತು.

"ನೋಡಿದ್ಯಾ?" ಎಂದಳು ಸಂಗಮ್ಮ.

"ಇದು ನನ್ನ ಟ್ಯೂನಿಂಗ್ ಬೇ," ಎಂದ ಮಗ.

ಕಾಂಪೌಂಡಿನ ಆಚೆಯಿಂದ ಕಪ್ಪು ಹೊಗೆ ಎದ್ದಿತು. ಹೊಗೆಯ ಹಿಂದೆ ಜಂಬುನಾಥನ ಕೆಮ್ಮು. ಮಾಳಿಗೆಯ ಮೇಲೆ ಇಬ್ಬರು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಹೊಗೆಗೆ ಇರಬೇಕು ಎಂದುಕೊಂಡ ಸಿದ್ದಲಿಂಗೇಶ.

"ಲೇ ತ್ರಿವೇಣಿ, ಇಳಿದು ಬಾ! ಸಂಡೂರಿನ ಏರಿಗೆ ಹೋಗೋಣು!"

ಅವಳು ಎರಡು ಸಲ ಕರೆಸಿಕೊಳ್ಳದೆ ಇಳಿದು ಬಂದು, ಸೀರೆ ಬದಲಾಯಿಸಿ ಹಿಂದೆ ಕೂತಳು. ಏರು ಬಂತು. ಬೈಕು ಒಮ್ಮೆಯೂ ಕೆಮ್ಮಲಿಲ್ಲ. ಎಕ್ಸಲರೇಟರ್ ಮುಟ್ಟಿದರೆ ಸಾಕು, ಜಿಂಕೆಯಂತೆ ಹಾರಿತು. ಅದಿರಿನ ಲಾರಿಗಳು ಒಂದೊಂದಾಗಿ ಹಿಂದೆ ಉಳಿದವು. ಸಿದ್ದಲಿಂಗೇಶನ ಎದೆ ಹೆಲ್ಮೆಟ್ಟಿನ ತನಕ ಉಬ್ಬಿತು.

"ಹೆಂಗೈತಿ ಪಿಕಪ್ಪು?" ಎಂದು ಗಾಳಿಗೆ ಕೂಗಿದ.

"ಮಸ್ತ್ ಐತ್ರಿ. ಭಾಳ ಛಲೋ ಕೈಗುಣ."

"ಮತ್ತ! ಕೈ ಯಾರದು?"

"ಅದನ್ನ ನಾನೂ ಅನ್ನೋದು," ಎಂದಳು ತ್ರಿವೇಣಿ. "ಮತ್ತ ಲೋಡ್ ಏನಾತ್ರಿ?"

"ಲೋಡ್ ಎಂಥದ್ದು? ನೀನು ಹೂವಿನ ಎಸಳು ಇದ್ದಂಗದಿ."

ಹೂವಿನ ಎಸಳು ಏರಿನ ಮೇಲಿನ ಹೋಟೆಲಿನಲ್ಲಿ ಎರಡು ಪ್ಲೇಟು ಮಿರ್ಚಿ ಮಂಡಕ್ಕಿ ತಿಂದು, ಚಹಾ ಕುಡಿದು, ಪ್ರಸನ್ನವಾಗಿ ಮತ್ತೆ ಬೈಕು ಹತ್ತಿತು.

ಮನೆಗೆ ಬಂದಾಗ ಜಂಬುನಾಥನ ಬೈಕು ಇನ್ನೂ ಅವನ ಅಂಗಳದಲ್ಲಿ ಢಬಢಬ ಎನ್ನುತ್ತ ಹೊಗೆ ಕಾರುತ್ತಿತ್ತು. ಜಂಬುನಾಥನ ಬಿಳಿ ಬನಿಯನ್ ಈಗ ಬಿಳಿಯಾಗಿರಲಿಲ್ಲ. ಗೆದ್ದವನಿಗೆ ಔದಾರ್ಯ ಸುಲಭ. ಸಿದ್ದಲಿಂಗೇಶ ತನ್ನ ಬೈಕನ್ನು ಬಂದ್ ಮಾಡದೆ ನಿಲ್ಲಿಸಿ ಕಾಂಪೌಂಡಿನ ಹತ್ತಿರ ಹೋದ.

"ಯಾಕ ಜಂಬಣ್ಣ, ಗಾಡಿಗೆ ಏನಾತು?"

"ಗೊತ್ತಾಗವಲ್ದು ಸಿದ್ದಣ್ಣ. ಮುಂಜಾನಿ ಛಲೋ ಇತ್ತು. ಹೊತ್ತು ಏರಿದಂಗ ಹುಚ್ಚು ಹಿಡೀತು."

"ಇಂಜೆಕ್ಷನ್ ಗಾಡಿ ಅಂದ್ರ ಎಲ್ಲರಿಗೂ ಬಗ್ಗೋದಲ್ಲ ಬಿಡ್ರಿ. ಇಲ್ಲಿ ನೋಡ್ರಿ," ಎಂದು ಸಿದ್ದಲಿಂಗೇಶ ಮೊಬೈಲ್ ಹೊರತೆಗೆದ. "ಅವತ್ತು ವಾಷರ್ ಅಂದಿದ್ನಲ್ಲ, ಅದು ವಾಷರ್ ಅಲ್ಲ. ಟ್ಯೂನಿಂಗ್ ಸಾಧನ. ಈಗ ನಾನು ಇಲ್ಲಿಂದಾನ ನನ್ನ ಗಾಡಿ ದನಿ ಏರಿಸ್ತೀನಿ, ಕಿವಿಗೊಟ್ಟು ಕೇಳ್ರಿ."

ಒತ್ತಿದ. ಸಿದ್ದಲಿಂಗೇಶನ ಬೈಕು ಕಮಕ್ ಕಿಮಕ್ ಅನ್ನಲಿಲ್ಲ. ಜಂಬುನಾಥನ ಬೆನ್ನ ಹಿಂದೆ ಅವನ ಬೈಕು ಭರ್ರ್ರ್ ಎಂದು ಕಿರುಚಿತು.

ಇಬ್ಬರೂ ಅದರ ಕಡೆ ನೋಡಿದರು. ಸಿದ್ದಲಿಂಗೇಶ ಇಳಿಸಿದ. ಜಂಬುನಾಥನ ಬೈಕು ಮುಲುಗಿತು. ಮತ್ತೆ ಏರಿಸಿದ. ಮತ್ತೆ ಕಿರುಚಿತು.

ಜಂಬುನಾಥ ಮೆಲ್ಲಗೆ ಲುಂಗಿಯ ಮಡಿಕೆಯಿಂದ ತನ್ನ ಮೊಬೈಲ್ ತೆಗೆದು ಒಂದು ಸಲ ಒತ್ತಿದ. ಸಿದ್ದಲಿಂಗೇಶನ ಬೈಕು ವಿನಯದಿಂದ 'ಗುರ್ರ್' ಎಂದು ಓಗೊಟ್ಟಿತು.

"ಅಂದ್ರ... ನೀವೂ ತರಿಸೀರಿ?" ಎಂದ ಸಿದ್ದಲಿಂಗೇಶ.

"ನಿಮ್ಮ ಪಾರ್ಸೆಲ್ ಮ್ಯಾಲಿನ ಹೆಸರು ನೋಡಿ ತರಿಸಿದೆ. ಅದೇ ಸಾಧನ. ಅದೇ ಪಾಸ್‌ವರ್ಡು."

ಬೆಳಿಗ್ಗೆ ಕೀಲಿ ಹಾಕುವ ಮೊದಲೇ, ಅವನ ಸಾಧನಕ್ಕೆ ಕರೆಂಟೇ ಬರದಿದ್ದಾಗ, ಸಿದ್ದಲಿಂಗೇಶನ ಮೊಬೈಲಿಗೆ ಸಿಕ್ಕಿದ್ದು ಆಗಲೇ ಶುರುವಾಗಿದ್ದ ಜಂಬುನಾಥನ ಬೈಕು. ಆಮೇಲೆ ಜಂಬುನಾಥ ಮೊಬೈಲ್ ತೆರೆದಾಗ ಅವನಿಗೆ ಉಳಿದದ್ದು ಸಿದ್ದಲಿಂಗೇಶನ ಬೈಕು. ಇಡೀ ಮುಂಜಾನೆ ಇಬ್ಬರೂ ಗೋಡೆಯ ಆಚೀಚೆ ಕೂತು ಒಬ್ಬರ ಗಾಡಿಯನ್ನು ಒಬ್ಬರು ರಿಪೇರಿ ಮಾಡಿದ್ದರು. ಜಂಬುನಾಥ ಅಂಜುಬುರುಕ. ಒಂದೊಂದೇ ಪಾಯಿಂಟ್ ಏರಿಸಿ, ಹೆದರಿ ಅರ್ಧ ಇಳಿಸಿ, ಗೊತ್ತಿಲ್ಲದೆಯೇ ಆ ಗಾಡಿಯನ್ನು ಹದಕ್ಕೆ ತಂದುಬಿಟ್ಟಿದ್ದ. ಸಿದ್ದಲಿಂಗೇಶ ಧನ್ವಂತರಿ. ಹತ್ತಕ್ಕಿಂತ ಕಡಿಮೆ ಅವನ ಬೆರಳಿಗೆ ಗೊತ್ತಿರಲಿಲ್ಲ.

ಮಾಳಿಗೆಯ ಮೇಲೆ ಅಷ್ಟು ಹೊತ್ತು ತಡೆದಿಟ್ಟಿದ್ದ ನಗೆ ಆಗ ಒಡೆಯಿತು. ವಿರುಪಮ್ಮನಂತೂ ಹಪ್ಪಳದ ಚಾಪೆಯ ಪಕ್ಕದಲ್ಲೇ ಕುಸಿದು ಕೂತಳು. ಸಂಡಿಗೆ ತೆಗೆಯುವ ನೆವದಲ್ಲಿ ಮೇಲೆ ಹೋಗಿದ್ದ ತ್ರಿವೇಣಿ ಅಂಚಿಗೆ ಬಂದು ಬಗ್ಗಿ ನೋಡಿದಳು.

"ನಿನಗ ಮೊದಲ ಗೊತ್ತಿತ್ತಾ?" ಎಂದು ಸಿದ್ದಲಿಂಗೇಶ ಗುಡುಗಿದ.

"ಮುಂಜಾನೇನ ಗೊತ್ತಾತ್ರಿ. ಮ್ಯಾಲಿಂದ ಎರಡೂ ಅಂಗಳ ಕಾಣ್ತಾವಲ್ಲ. ನೀವು ಒತ್ತಿದಾಗ ಅವರದು ಒದರ್ತಿತ್ತು, ಅವರು ಒತ್ತಿದಾಗ ನಮ್ದು."

"ಮತ್ತ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರ ನಮ್ಮ ಗಾಡೀನ ನೀವ ಟ್ಯೂನ್ ಮಾಡ್ತಿದ್ರಿ."

ಕಟ್ಟೆಯ ಮೇಲಿಂದ ಸಂಗಮ್ಮ, "ಯಾರೂ ಟ್ಯೂನ್ ಮಾಡಿಲ್ಲ. ಅದು ನನ್ನ ಮೆಣಸಿನಕಾಯಿ," ಎಂದು ತನ್ನ ಪಾಲಿನ ಹಕ್ಕನ್ನು ದಾಖಲಿಸಿದಳು.

ಜಂಬುನಾಥನ ಬೈಕು ಮರುದಿನ ಲಗೇಜ್ ಆಟೋದಲ್ಲಿ ಮಲಗಿ ಗ್ಯಾರೇಜಿಗೆ ಹೋಯಿತು. ಅದು ಗುಣವಾಗಿ ಬರುವವರೆಗೆ ಅವನನ್ನು ಕಂಪನಿ ಬಸ್ಸು ನಿಲ್ಲುವ ಸರ್ಕಲ್ಲಿಗೆ ಬಿಡುವ ಕೆಲಸ ಯಾರದು ಎಂದು ಹೆಂಗಸರಿಬ್ಬರೂ ಮಾಳಿಗೆಯ ಮೇಲೆಯೇ ತೀರ್ಮಾನ ಮಾಡಿದರು. ಈಗ ದಿನಾ ಬೆಳಿಗ್ಗೆ ಸಿದ್ದಲಿಂಗೇಶ ಓಡಿಸುತ್ತಾನೆ, ಜಂಬುನಾಥ ಊಟದ ಡಬ್ಬಿ ಹಿಡಿದು ಹಿಂದೆ ಕೂರುತ್ತಾನೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಸಾಕು, ಪಕ್ಕದವರಿಗೆ, "ದನಿ ಕೇಳ್ರಿ ಇದರದು! ಟ್ಯೂನಿಂಗ್ ನಂದ," ಎನ್ನುತ್ತಾನೆ ಜಂಬುನಾಥ. ಓಡಿಸುವವನು ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಳ್ಳುತ್ತಾನೆ.

ನಿನ್ನೆ ಸರ್ಕಲ್ಲಿನಲ್ಲಿ ಚಹಾ ಅಂಗಡಿಯ ಪಂಪೇಶ್ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಜಂಬಣ್ಣ, ನಮ್ಮ ಗಾಡೀಗೂ ಒಂಚೂರು ಕೈ ಹಚ್ಚಬೇಕ್ರಿ," ಎಂದು ಕೇಳಿಕೊಂಡ.

ಜಂಬುನಾಥ ಊಟದ ಡಬ್ಬಿಯನ್ನು ಸಿದ್ದಲಿಂಗೇಶನ ಕೈಗೆ ಕೊಟ್ಟು, ಅಂಗಿಯ ಕಾಲರ್ ಸರಿಮಾಡಿಕೊಂಡು ಅಭಯ ನೀಡಿದ.

"ಭಾನುವಾರ ತಗೊಂಡು ಬಾರಪ್ಪ. ಆದರ ನಮ್ಮ ಮನಿಗೆ ತರಬ್ಯಾಡ, ಸಿದ್ದಣ್ಣನ ಅಂಗಳದಾಗ ನಿಲ್ಲಿಸು. ನನ್ನ ಕೈಗುಣ ಗ್ವಾಡಿ ಆಚಿಗೇ ಹತ್ತೋದು."