ಹತ್ತು ಮೈಲಿಗೊಮ್ಮೆ ನಿಲ್ಲುವ ಜೀಪು

ಅವಸರ ನನ್ನ ಹುಟ್ಟುಗುಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಹಾ ಆರುವವರೆಗೆ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತೇನೆ. ಊಟಕ್ಕೆ ಕುಳಿತರೆ ಪಲ್ಯ ಬರುವುದರೊಳಗೆ ಒಂದು ರೊಟ್ಟಿ ಖಾಲಿಯಾಗಿರುತ್ತದೆ. ನನ್ನ ಮದುವೆಯಲ್ಲಿ ಅಯ್ಯನವರು ಹೇಳುವ ಮೊದಲೇ ತಾಳಿ ಕಟ್ಟಲು ಎದ್ದುನಿಂತು ಇಡೀ ಹಂದರವನ್ನು ನಗಿಸಿದವನು ನಾನು. ನನ್ನ ಹೆಂಡತಿ ಈ ಸಂಗತಿಯನ್ನು ಮನೆಗೆ ಬಂದ ಯಾರಿಗೂ ಹೇಳದೆ ಕಳಿಸಿದ್ದಿಲ್ಲ. ಇಂಥವನ ಕೈಗೆ ಜೀಪು ಕೊಟ್ಟದ್ದು ಸರ್ಕಾರದ ತಪ್ಪೇ ಹೊರತು ನನ್ನದಲ್ಲ.

ಆಗ ನಾನು ಚಿತ್ತಾಪುರದಲ್ಲಿ ದನದ ಡಾಕ್ಟರು. ನಿಜಾಮರ ಆಡಳಿತ ಮುಗಿದು ಎರಡು ವರ್ಷವಾಗಿದ್ದರೂ ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಬರುತ್ತಿದ್ದವು. ಯುದ್ಧದಲ್ಲಿ ಓಡಿ ದಣಿದಿದ್ದ ಒಂದು ಮಿಲಿಟರಿ ಜೀಪು ಹೇಗೋ ನಮ್ಮ ಇಲಾಖೆಗೆ ಬಂದು ನನ್ನ ಪಾಲಿಗೆ ಬಿತ್ತು. ಅಲ್ಲಿಯವರೆಗೆ ಕುದುರೆಯ ಮೇಲೆ ಕುಂಟುತ್ತ ಹೋಗುತ್ತಿದ್ದವನು ಧೂಳೆಬ್ಬಿಸಿಕೊಂಡು ಹಾರತೊಡಗಿದೆ. ದನಗಳಿಗೆ ಸೂಜಿ ಹಾಕಲು ಹೋಗುತ್ತಿದ್ದೆ ನಿಜ. ಆದರೆ ನನ್ನ ಹಾರ್ನಿನ ಸದ್ದು ಕೇಳಿದೊಡನೆ ಜನ ದನಗಳನ್ನು ಅಡವಿಗೆ ಅಟ್ಟಿಬಿಡುತ್ತಿದ್ದರು. ಸರ್ಕಾರದ ಸೂಜಿ ಬಿದ್ದರೆ ಹಾಲು ಬತ್ತುತ್ತದೆಂಬ ಸುದ್ದಿ ಬೇರೆ ಇತ್ತು. ಒಯ್ದ ಲಸಿಕೆಯಲ್ಲಿ ಅರ್ಧ ವಾಪಸು ಬಂದು ಕೆಟ್ಟುಹೋಗುತ್ತಿತ್ತು. ಜನಕ್ಕೆ ತಿಳಿವಳಿಕೆ ಇಲ್ಲ ಎಂದು ಪ್ರತಿ ಸಲವೂ ವರದಿ ಬರೆದು ಕಳಿಸುತ್ತಿದ್ದೆ.

ಒಮ್ಮೆ ಶಹಾಬಾದಿನಿಂದ ಬರುವಾಗ ನಮ್ಮ ಬಚ್ಚಲಿಗೆಂದು ನಾಲ್ಕು ದೊಡ್ಡ ಫರಸಿಗಲ್ಲು ಹೇರಿಕೊಂಡೆ. ದಂಡೋತಿಯ ಹತ್ತಿರ ಕಾಗಿಣಾ ನದಿಯ ಮರಳಿನಲ್ಲಿ ಗಾಲಿ ಹೂತಿತು. ಇಳಿದು ಕಲ್ಲು ಇಳಿಸಿದ್ದರೆ ಆಗುತ್ತಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಎಂಜಿನ್ನನ್ನು ಚೀರಿಸಿದೆ. ಹಿಂದುಗಡೆ ‘ಕಟಕ್’ ಎಂದಿತು. ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಬುರುಡೆ ಇರುತ್ತದೆ, ಎಂಜಿನ್ನಿನ ಬಲವನ್ನು ಎರಡೂ ಗಾಲಿಗೆ ಹಂಚುವ ಹಲ್ಲುಗಾಲಿಗಳು ಅದರೊಳಗೆ ಇರುತ್ತವೆ ಎಂಬುದು ನನಗೆ ಗೊತ್ತಾದದ್ದೇ ಆ ಹಲ್ಲುಗಳು ಮುರಿದ ಮೇಲೆ. ನಾನೇ ಹಿಂದೆ ಔಷಧ ಕುಡಿಸಿದ್ದ ಒಂದು ಜೋಡಿ ಎತ್ತು ನನ್ನನ್ನೂ ಜೀಪನ್ನೂ ವಾಡಿಯವರೆಗೆ ಎಳೆದುಕೊಂಡು ಹೋದವು.

ವಾಡಿಯ ಮೆಹಬೂಬ್ ಮಿಸ್ತ್ರಿ ರೈಲಿನ ಎಂಜಿನ್ನುಗಳ ನಡುವೆ ತಲೆ ನರೆಸಿಕೊಂಡವರು. ಹೈದರಾಬಾದಿನಿಂದ ಹೊಸ ಹಲ್ಲುಗಾಲಿ ತರಿಸಿ ಕೂಡಿಸಿದರು. ನಾನು ಜೀಪು ಹತ್ತಲು ಹೋದಾಗ ಅಡ್ಡ ನಿಂತರು.

“ಹಲ್ಲು ಹೊಸವು ಅವ, ಡಾಕ್ಟರ್ ಸಾಬ್. ಒಂದಕ್ಕೊಂದು ಇನ್ನಾ ಗುರ್ತು ಆಗಿಲ್ಲ. ಮೊದಲ ಐದನೂರು ಮೈಲಿ ಸಾವಕಾಶ ಹೋಗ್ರಿ. ಇಪ್ಪತ್ತರ ಮ್ಯಾಲ ಮುಳ್ಳು ಏರಬಾರದು. ಹತ್ತು ಮೈಲಿಗೊಮ್ಮೆ ನಿಂದ್ರಸ್ರಿ, ಅರ್ಧ ತಾಸು ಆರಲಿ. ಮತ್ತ ಭಾರ ಹೇರಬ್ಯಾಡ್ರಿ.” ಭಾರ ಎನ್ನುವಾಗ ಅವರು ನನ್ನ ಮುಖವನ್ನೇ ನೋಡಿದರು.

ಅದೇ ಹೊತ್ತಿಗೆ ಚಿಂಚೋಳಿಯಿಂದ ಸುದ್ದಿ ಬಂತು. ಗುಡ್ಡದ ಮೇಲಿನ ಒಂದು ತಾಂಡಾದಲ್ಲಿ ದನಗಳಿಗೆ ದೊಡ್ಡಬ್ಯಾನಿ ಎಂಬ ಅಂಟುರೋಗ ಬಿದ್ದು ಎಂಟು ಎತ್ತು ಸತ್ತಿದ್ದವು. ಅದರ ಪಕ್ಕದ ತಾಂಡಾಕ್ಕೆ ರೋಗ ಇನ್ನೂ ತಲುಪಿರಲಿಲ್ಲ. ಅಷ್ಟರೊಳಗೆ ಸೂಜಿ ಹಾಕಿದರೆ ಅಲ್ಲಿನ ದನ ಉಳಿಯುತ್ತಿದ್ದವು. ಲಸಿಕೆಯ ಡಬ್ಬಿ ವಾಡಿ ಸ್ಟೇಷನ್ನಿಗೆ ಬಂದಿತ್ತು, ಕೆಡದಿರಲೆಂದು ಸುತ್ತಲೂ ಬರ್ಫ, ಅಂದರೆ ಮಂಜುಗಡ್ಡೆ. ಬರ್ಫ ಎರಡು ದಿನಕ್ಕಿಂತ ಹೆಚ್ಚು ತಾಳುವಂತಿರಲಿಲ್ಲ. ಐವತ್ತು ಮೈಲಿಯ ದಾರಿ. ಹಿಂದಿನ ನಾನಾಗಿದ್ದರೆ ಮಧ್ಯಾಹ್ನದ ಊಟಕ್ಕೆ ಚಿಂಚೋಳಿ.

“ನಾನೂ ಬರ್ತೀನ್ರಿ,” ಎಂದು ಮಿಸ್ತ್ರಿ ಚೀಲ ಹಿಡಿದು ಹತ್ತಿ ಕುಳಿತರು. ವೇಗದ ಪೆಡಲ್ ಒತ್ತುವ ನನ್ನ ಕಾಲಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಆ ಬೆಳಿಗ್ಗೆಯೇ ಹೊರಟೆವು. ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ, ತಿರುಗಿ ನೋಡಿ ನಕ್ಕ. ಹತ್ತು ಮೈಲಿಗೆ ಚಿತ್ತಾಪುರದಲ್ಲಿ ನಿಂತೆವು. ಮಿಸ್ತ್ರಿ ಜೀಪಿನ ಅಡಿಗೆ ತೂರಿ ಬುರುಡೆಯ ಮೇಲೆ ಅಂಗೈ ಇಟ್ಟು ಹತ್ತರವರೆಗೆ ಎಣಿಸಿದರು; ಅಷ್ಟು ಹೊತ್ತು ಕೈ ತಾಳಿದರೆ ಕಾವು ಹೆಚ್ಚಿಲ್ಲ ಎಂದರ್ಥ. ಅರ್ಧ ತಾಸು ಕುಳಿತೆವು. ನನ್ನ ಮನೆಯ ಎದುರಿಗೇ ನಿಂತಿದ್ದರಿಂದ ಹೆಂಡತಿ ಹೊರಗೆ ಬಂದು, “ಏನ್ರಿ, ಆರಾಮ ಅದೀರಿ ಹೌದಿಲ್ಲೋ? ಸುಮ್ಮ ಕುಂತೀರಲ್ಲ!” ಎಂದು ಹಣೆ ಮುಟ್ಟಿ ನೋಡಿದಳು.

ಎರಡನೆಯ ಸಲ ನಿಂತದ್ದು ಸೇಡಂ ದಾರಿಯ ಒಂದು ಸಣ್ಣ ಹಳ್ಳಿಯ ಬೇವಿನ ಮರದ ಕೆಳಗೆ. ಡಬ್ಬಿಯ ತಳದಿಂದ ನೀರು ಹನಿಯುತ್ತಿತ್ತು. ಪ್ರತಿ ಹನಿಯೂ ನನ್ನ ಎದೆಯ ಮೇಲೆ ಬಿದ್ದಂತಾಗಿ, ಹತ್ತು ನಿಮಿಷಕ್ಕೇ ಜೀಪು ಹತ್ತಿದೆ. ಅದು ಶುರುವಾಗಲಿಲ್ಲ. ಮಿಸ್ತ್ರಿ ಬೇವಿನ ಬೇರಿನ ಮೇಲೆ ಕುಳಿತು ತಮ್ಮ ಅಂಗಿಯ ಜೇಬನ್ನು ತಟ್ಟಿ ತೋರಿಸಿದರು. ನಾನು ಮುಖ ತೊಳೆಯಲು ಹೋದಾಗ ಎಂಜಿನ್ನಿನ ಒಂದು ಸಣ್ಣ ತುಂಡನ್ನು ಕಿತ್ತು ಇಟ್ಟುಕೊಂಡುಬಿಟ್ಟಿದ್ದರು!

“ಅಲ್ಲಿ ದನ ಸಾಯ್ತಾವ, ಮಿಸ್ತ್ರಿ!” ಎಂದು ಕೂಗಾಡಿದೆ.

“ಗಾಡಿ ನಡುದಾರ್ಯಾಗ ಮುರದ್ರ ಅವು ಬದುಕ್ತಾವೇನ್ರಿ? ಕುಂದ್ರಿ.”

ಕುಳಿತೆ. ನಮ್ಮ ಜಗಳ ಕೇಳಿ ನಾಲ್ಕು ಜನ ಕೂಡಿದರು, ಮತ್ತೆ ನಮ್ಮನ್ನು ಹಿಡಿದ ಆ ಸೈಕಲ್ಲಿನವನೂ ನಿಂತ. ಅವರಲ್ಲಿ ನಾಗಮ್ಮ ಎಂಬ ಮುದುಕಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟು, “ಗಾಡಿಗಿ ದಣಿವು ಆಗ್ಯದೇನ್ರೀ ಯಪ್ಪಾ?” ಎಂದು ವಿಚಾರಿಸಿದಳು. ಮಜ್ಜಿಗೆ ಕುಡಿಯುತ್ತ ನಾನು ದೊಡ್ಡಬ್ಯಾನಿಯ ಸುದ್ದಿ ಹೇಳಿದೆ. ಅವಳ ತವರಿನಲ್ಲಿ ಆ ರೋಗಕ್ಕೆ ಕೊಟ್ಟಿಗೆಯೇ ಖಾಲಿಯಾದ ಕಥೆ ಅವಳು ಹೇಳಿದಳು. ಸೂಜಿಯಿಂದ ಹಾಲು ಬತ್ತುವುದು ಖರೆಯೇ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ, ಕೇಳುವಷ್ಟು ಹೊತ್ತು ನಾನು ಎಲ್ಲಿಯೂ ನಿಂತಿರಲಿಲ್ಲ. ಒಂದೆರಡು ದಿನ ಜ್ವರ ಬಂದು ಹಾಲು ಕಡಿಮೆಯಾಗಬಹುದು, ಆಮೇಲೆ ಮೊದಲಿನಂತಾಗುತ್ತದೆ ಎಂದು ಇದ್ದುದನ್ನು ಇದ್ದಂತೆ ಹೇಳಿದೆ.

ನಾಗಮ್ಮ ತಂಬಿಗೆ ವಾಪಸು ತೆಗೆದುಕೊಂಡು, “ನೀವು ಹ್ಯಾಂಗೂ ಖಾಲಿ ಕುಂತೀರಿ. ನಮ್ಮ ಎತ್ತಿಗಿ ಹಾಕೇ ಬಿಡ್ರಿ,” ಎಂದಳು. ಅವಳ ಎತ್ತು ಬಂದದ್ದು ನೋಡಿ ಪಕ್ಕದ ಮನೆಯ ಎಮ್ಮೆ ಬಂತು, ಎಮ್ಮೆಯ ಹಿಂದೆ ಊರಿನ ಅರ್ಧ ಕೊಟ್ಟಿಗೆ ಬಂತು. ನಾನು ಯಾವಾಗಲೂ ಬೇಕಾದ್ದಕ್ಕಿಂತ ದುಪ್ಪಟ್ಟು ಲಸಿಕೆ ಒಯ್ಯುತ್ತಿದ್ದೆನಾದ್ದರಿಂದ ಕೊರತೆಯಾಗಲಿಲ್ಲ. ಅರ್ಧ ತಾಸು ಕಳೆದದ್ದು ಮಿಸ್ತ್ರಿಯೇ ನೆನಪಿಸಬೇಕಾಯಿತು.

ಹೀಗೆಯೇ ಸೇಡಮ್ಮಿನಲ್ಲಿ, ಅದರ ಮುಂದೆ ಒಂದು ಹಳ್ಳದ ದಂಡೆಯಲ್ಲಿ. ಸಂಜೆ ಚಿಂಚೋಳಿ ತಲುಪಿ, ಮರುದಿನ ಬೆಳಕು ಹರಿಯುತ್ತಲೇ ಗುಡ್ಡ ಏರತೊಡಗಿದೆವು. ಭಾರ ಕಡಿಮೆಯಾಗಲೆಂದು ಮಿಸ್ತ್ರಿ ಕೆಳಗಿಳಿದು, ಹಿಂದಿನ ಗಾಲಿಗೆ ಕಿವಿ ಕೊಟ್ಟು ಜೀಪಿನ ಪಕ್ಕದಲ್ಲೇ ನಡೆಯುತ್ತ ಬಂದರು. ಅವರಿಗೆ ಏದುಸಿರು, ಜೀಪಿಗೆ ಇಲ್ಲ. ಗರಗರ ಸದ್ದಿಲ್ಲ, ಕಟಕಟವಿಲ್ಲ. ಕಲ್ಲಿನ ಮೇಲೆ ಕಲ್ಲು ದಾಟಿ ಅದು ನೆತ್ತಿ ಮುಟ್ಟಿತು. ಮಿಸ್ತ್ರಿ ಬುರುಡೆ ಮುಟ್ಟಿ ಹತ್ತು ಎಣಿಸಿ, ಆಸೆಯಾಗಿ ಮತ್ತೆ ಇಪ್ಪತ್ತರವರೆಗೆ ಎಣಿಸಿದರು. “ಕೂಡ್ಯಾವ್ರಿ ಹಲ್ಲು! ಭಾಳ ಛಲೋ ಕೂಡ್ಯಾವ!” ಎಂದು ನನ್ನನ್ನು ತಬ್ಬಿಕೊಂಡರು. ನನ್ನ ಬಿಳಿ ಅಂಗಿಯ ಮೇಲೆ ಎರಡು ಕಪ್ಪು ಅಂಗೈ ಮೂಡಿದವು.

ರೋಗ ಇನ್ನೂ ತಲುಪದ ಆ ತಾಂಡಾದಲ್ಲಿ ನಾನು ನೋಡಿದ್ದನ್ನು ನಂಬಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ದನಗಳೆಲ್ಲ ದೊಡ್ಡಿಯಲ್ಲಿ ಕೂಡಿದ್ದವು. ತಾಂಡಾದ ನಾಯಕ ಕೈಮುಗಿದು, “ನಿನ್ನಿ ರಾತ್ರಿಯಿಂದ ಹಾದಿ ನೋಡಾಕತ್ತೀವಿ. ಡಾಕ್ಟರು ಊರೂರಿಗಿ ಕುಂತು ಸೂಜಿ ಹಾಕ್ಲಿಕತ್ತಾರ, ಭಾಳ ಸಮಾಧಾನದ ಮನಷ್ಯಾ ಅಂತ ಸೈಕಲ್ಲಿನವ ಹೇಳಿದ,” ಎಂದ. ನಮ್ಮನ್ನು ದಾರಿಯುದ್ದಕ್ಕೂ ದಾಟುತ್ತ, ನಿಂತು ನೋಡುತ್ತ, ಮತ್ತೆ ದಾಟುತ್ತ ಬಂದ ಆ ಸೈಕಲ್ಲಿನವನು ಅದೇ ಕಡೆಯವನಂತೆ, ನಮಗಿಂತ ಮೊದಲು ಗುಡ್ಡ ಹತ್ತಿದ್ದ. ಡಬ್ಬಿ ತೆರೆದಾಗ ಮುಷ್ಟಿಯಷ್ಟು ಬರ್ಫ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಕರುವನ್ನೂ ಬಿಡದೆ ಸೂಜಿ ಹಾಕಿ ಮುಗಿಸಿದೆ. ಆ ತಾಂಡಾದಲ್ಲಿ ಒಂದು ದನವೂ ಸಾಯಲಿಲ್ಲ. ನನ್ನ ನೌಕರಿಯಲ್ಲಿ ಮೊದಲ ಬಾರಿ ಲಸಿಕೆಯ ಡಬ್ಬಿ ಖಾಲಿಯಾಗಿ ಮನೆಗೆ ಬಂತು.

ಗುಲ್ಬರ್ಗಾದ ನಮ್ಮ ಇಲಾಖೆಯ ಸಾಹೇಬರು ಕರೆಸಿ ಬೆನ್ನು ತಟ್ಟಿದರು. ಈ ಪದ್ಧತಿಯನ್ನು ವಿವರವಾಗಿ ಬರೆದುಕೊಡಿ ಎಂದರು. ನಾಲ್ಕು ಹಾಳೆ ಬರೆದೆ. ಅದರಲ್ಲಿ ಹಲ್ಲುಗಾಲಿಯ ಮಾತು ಎಲ್ಲಿಯೂ ಬರದಂತೆ ನೋಡಿಕೊಂಡೆ. ತಿಂಗಳೊಳಗೆ ಜಿಲ್ಲೆಯ ಎಲ್ಲ ದನದ ಡಾಕ್ಟರುಗಳಿಗೂ ಹುಕುಂ ಹೊರಟಿತು: ಹಳ್ಳಿಗಳ ದೌರೆಗೆ ಹೊರಟಾಗ ಹತ್ತು ಮೈಲಿಗೊಮ್ಮೆ ಅರ್ಧ ತಾಸು ನಿಲ್ಲತಕ್ಕದ್ದು. ಆಮೇಲೊಂದು ದಿನ ಹೊಸದಾಗಿ ನೌಕರಿಗೆ ಸೇರಿದ ಡಾಕ್ಟರೊಬ್ಬರು ನನ್ನನ್ನು ಹುಡುಕಿಕೊಂಡು ಬಂದು, ಎಂಟು ಮೈಲಿಯೂ ಅಲ್ಲದೆ ಹನ್ನೆರಡೂ ಅಲ್ಲದೆ ಹತ್ತೇ ಏಕೆ ಎಂದು ಭಕ್ತಿಯಿಂದ ಕೇಳಿದರು. ನಾನು ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿ, “ಎಮ್ಮೆಯ ಮನಸ್ಸನ್ನು ಬಹಳ ವರ್ಷ ಅಭ್ಯಾಸ ಮಾಡಬೇಕಾಗುತ್ತದೆ,” ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.