ಜಾಝ್ ಪುಸ್ತಕಗಳ ಯೋಗ್ಯತೆಯೂ ನಮ್ಮ ಮನೆಯ ಪೇಟಿಯೂ

ಅಚ್ಚಾದ ಯಾವುದೇ ವಸ್ತುವಿನ ಯೋಗ್ಯತೆಯನ್ನು ಬಿ.ಎ. ಆದವನು ಅಳೆಯಬಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಗಜೇಂದ್ರಗಡದ ನಮ್ಮ ನೇಕಾರ ಓಣಿ ನನಗಿಂತ ದೃಢವಾಗಿ ನಂಬಿತ್ತು. ಏಕೆಂದರೆ ಓಣಿಯ ಮೊದಲ ಬಿ.ಎ. ನಾನೇ. ಅಪ್ಪ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಸೀರೆ ನೇಯ್ದು ನೇಯ್ದು ನನ್ನನ್ನು ಧಾರವಾಡಕ್ಕೆ ಕಳಿಸಿದ. ನಾನು ಇತಿಹಾಸ ತೆಗೆದುಕೊಂಡು, ಒಮ್ಮೆ ನಪಾಸಾಗಿ, ಛಲ ಬಿಡದೆ ಪಾಸಾಗಿ, ಊರಿನ ಹೈಸ್ಕೂಲಿಗೆ ಮಾಸ್ತರನಾಗಿ ಬಂದೆ. ಅಂದಿನಿಂದ ಓಣಿಯಲ್ಲಿ ಯಾರ ಕೈಗೆ ಏನೇ ಅಚ್ಚಾದ ಕಾಗದ ಸಿಕ್ಕಿದರೂ ಅದು ಮೊದಲು ನಮ್ಮ ಮನೆಯ ಕಟ್ಟೆ ಏರುತ್ತಿತ್ತು. ಕೋರ್ಟಿನ ಸಮನ್ಸು, ದವಾಖಾನೆಯ ಔಷಧದ ಬಾಟಲಿ, ಹತ್ತಿಬೀಜದ ಚೀಲ, ಎಲ್ಲಕ್ಕೂ ನನ್ನ ತೀರ್ಪೇ ಕೊನೆ. "ಗೊತ್ತಿಲ್ಲ" ಎಂಬ ಮಾತು ಮಾತ್ರ ನನಗೆ ಬರುತ್ತಿರಲಿಲ್ಲ. ಅದನ್ನು ನಮ್ಮ ಪರೀಕ್ಷೆಗೆ ಇಟ್ಟಿರಲಿಲ್ಲ!

ಹೀಗಿರಲಾಗಿ ಆಷಾಢದ ಒಂದು ಸಂಜೆ ವಾಚನಾಲಯದ ಚೇರ್ಮನ್ ಅಂದಾನಪ್ಪನವರು ಬಗಲಲ್ಲಿ ಒಂದು ಗಂಟು ಹಿಡಿದು ಬಂದರು. ಇವರು ಅರಳೆ ವ್ಯಾಪಾರಿಗಳು. ಪುಸ್ತಕಗಳನ್ನು ಓದುತ್ತಿರಲಿಲ್ಲ, ಆದರೆ ಪುಸ್ತಕಗಳ ಮೇಲೆ ಅಪಾರ ಗೌರವ. ಓದಿದ್ದರೆ ಅಷ್ಟು ಗೌರವ ಉಳಿಯುತ್ತಿತ್ತೋ ಇಲ್ಲವೋ!

"ಮಾಸ್ತರ, ಮುಂಬೈಯಿಂದ ಮೂರು ಪುಸ್ತಕ ತರಿಸೀನಿ. ಮೂರೂ ಒಂದ ವಿದ್ಯಾ ಕಲಸ್ತಾವಂತ. ಒಂದು ಇಟ್ಕೊಂಡು ಎರಡು ವಾಪಸ್ ಕಳಸಬೇಕು. ಯಾವುದು ಯೋಗ್ಯ ಅಂತ ನೀವು ಬರದು ಸಹಿ ಮಾಡಿ ಕೊಡ್ರಿ."

"ಯಾವ ವಿದ್ಯಾರಿ ಅದು?"

"ಜಾಝ್ ಅಂತ. ಸಿನಿಮಾದಾಗ ದೊಡ್ಡ ಹೋಟೆಲ್‌ನ್ಯಾಗ ಕುಣಿಯೋ ಮುಂದ ಬಾರಸ್ತಾರಲ್ಲ, ಅದು. ಟೆಂಟ್ ಸಿನಿಮಾ ಬಂದು ಹೋದಾಗಿಂದ ನಮ್ಮ ಹುಡುಗರಿಗೆ ಅದರದ ಹುಚ್ಚು. ಪೇಟಿ ಮ್ಯಾಲ ಅದರ ಸ್ವರ ಹ್ಯಾಂಗ ಹಿಡಿಯೋದಂತ ಪುಸ್ತಕ ಬೇಕಂತ ಗಂಟು ಬಿದ್ದಾರ." ಆಮೇಲೆ ದನಿ ತಗ್ಗಿಸಿ ಹೇಳಿದರು: "ರೋಣದ ವಾಚನಾಲಯದಾಗ ಇಂಥಾದ್ದು ಒಂದೂ ಇಲ್ಲ!"

ಜಾಝನ್ನು ನಾನು ಕಿವಿಯಾರೆ ಕೇಳಿದವನಲ್ಲ. ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ಒರೆಸುವುದಕ್ಕೂ ಮುಟ್ಟಿದವನಲ್ಲ.

"ಅಡ್ಡಿ ಇಲ್ರಿ, ನಾಳೆ ಬರದು ಕೊಡ್ತೀನಿ" ಎಂದೆ.

ದೀಪ ಹಚ್ಚುವುದರೊಳಗೆ ಅರ್ಧ ತೀರ್ಪು ಸಿದ್ಧವಾಯಿತು. ಮೊದಲನೆಯದು ಕೆಂಪು ರಟ್ಟು, ಬಂಗಾರದ ಅಕ್ಷರ. ಒಳಗೆ ಪುಟ ಪುಟಕ್ಕೂ ಐದೈದು ಗೆರೆ, ಗೆರೆಗಳ ಮೇಲೆ ಬಾಲವಿರುವ ಕರಿ ಚುಕ್ಕೆಗಳು. ಅವ್ವ ಹಣಿಕಿ ನೋಡಿ, "ಯಾರಪಾ ಇದು, ಇರುವಿ ಸಾಲಿಗೆ ಹಗ್ಗಾ ಕಟ್ಯಾರ?" ಎಂದಳು. ನನಗೂ ಒಂದು ಚುಕ್ಕೆ ಅರ್ಥವಾಗಲಿಲ್ಲ. ಆದಕಾರಣ ಇದು ಅತ್ಯುನ್ನತ ಮಟ್ಟದ ಗ್ರಂಥವೆಂದು ಗುರುತು ಹಾಕಿಕೊಂಡೆ. ಧಾರವಾಡದಲ್ಲಿ ನಮ್ಮ ಪ್ರೊಫೆಸರರನ್ನು ನಾವು ಅಳೆಯುತ್ತಿದ್ದದ್ದೂ ಇದೇ ಗಜಕೋಲಿನಿಂದ!

ಒಲೆಯ ಮುಂದಿದ್ದ ನನ್ನ ಹೆಂಡತಿ ಶಾಂತವ್ವ ಕೇಳಿದಳು: "ಬಾರಿಸಿ ನೋಡದ ಹ್ಯಾಂಗ್ರಿ ಬರೀತೀರಿ? ತುತ್ತು ಬಾಯಿಗೆ ಇಡೂಕಿಂತ ಮೊದಲ ಉಪ್ಪು ಕಡಿಮಿ ಅಂದಂಗಾತು."

ಅಡುಗೆಯ ವಿಷಯದಲ್ಲೂ ನಾನು ಹಾಗೆಯೇ ಹೇಳುತ್ತಿದ್ದೆ, ಆ ಮಾತು ಬೇರೆ. ಆದರೆ ಅವಳ ಆಕ್ಷೇಪಣೆ ಶಾಸ್ತ್ರೀಯವಾಗಿತ್ತು. ಪ್ರಯೋಗವಿಲ್ಲದೆ ತೀರ್ಪು ಕೊಡುವುದು ವಿದ್ಯಾವಂತನಿಗೆ ಒಪ್ಪುವುದಿಲ್ಲ.

"ಹಂಗಾದ್ರ ನಿನ್ನ ಪೇಟಿ ಕೊಡು."

ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು. ಆ ಪೇಟಿ ಅವಳು ಕೊಣ್ಣೂರಿನ ತವರಿನಿಂದ ತಂದದ್ದು. ಅದನ್ನು ಬಾರಿಸುತ್ತಲೇ ಅವಳು ನಮ್ಮ ಓಣಿಯ ಹೆಣ್ಣುಮಕ್ಕಳ ಭಜನೆಗೆ ಮುಂದಾಳು ಆಗಿದ್ದಳು. ಶ್ರಾವಣ ಸೋಮವಾರಗಳಲ್ಲಿ ಗುಡಿಯಲ್ಲಿ ಭಜನೆ. ಮೇಲಿನ ಓಣಿಯವರಿಗೆ ಬರೀ ತಾಳ, ನಮ್ಮವರಿಗೆ ತಾಳದ ಮೇಲೆ ಪೇಟಿ. ನಮ್ಮ ಓಣಿಯ ಹೆಂಗಸರು ನೀರಿಗೆ ಹೋಗುವಾಗ ಕತ್ತು ನೆಟ್ಟಗೆ ಮಾಡಿ ನಡೆಯುತ್ತಿದ್ದದ್ದು ಆ ಪೇಟಿಯ ಬಲದಿಂದ.

"ಕೊಡ್ತೀನಿ" ಎಂದಳು ರೊಟ್ಟಿ ತಿರುವಿ ಹಾಕಿ. "ಆದ್ರ ಶ್ರಾವಣದ ಮೊದಲನೇ ಸೋಮವಾರ ಇದು ಗುಡ್ಯಾಗ ಇರಬೇಕು. ಈಗ ಹ್ಯಾಂಗ ಐತಿ ಹಂಗ. ಹೊಳಿ ತುಂಬಿ ಕೊಣ್ಣೂರ ಪೂಲು ಮುಳುಗಿದಾಗ ನಮ್ಮಪ್ಪ ಎದಿಮಟ ನೀರಾಗ ಇದನ್ನ ತಲಿ ಮ್ಯಾಲ ಹೊತ್ಕೊಂಡು ದಾಟ್ಯಾನ. ಒಂದ ಹನಿ ಸೋಂಕಿಲ್ಲ ಇದಕ್ಕ."

"ನಾ ಏನು ಇದನ್ನ ಹೊಳಿಗೆ ಒಯ್ಯಾಕತ್ತೀನೇನ?" ಎಂದು ನಕ್ಕೆ.

ಮರುದಿನ ಎರಡನೆಯ ಪುಸ್ತಕ ತೆರೆದೆ. ಇದರ ಮೊದಲ ಪುಟದಲ್ಲಿ ಸೂಟು ಹಾಕಿದ ಕರ್ತೃ ಹಲ್ಲು ಕಿಸಿದು ಕೂತಿದ್ದ. ಮೊದಲ ಪಾಠವೇನೆಂದರೆ, ಬೆರಳಿನಿಂದ ಒತ್ತುವ ಪಟ್ಟಿಗಳ ಮೇಲೆ ಸ್ವರದ ಹೆಸರು ಬರೆದ ಚೀಟಿ ಅಂಟಿಸಿರಿ. ಎಷ್ಟು ಸರಳ! ಇಂಥ ಪುಸ್ತಕ ಬಿಟ್ಟು ಇರುವೆ ಸಾಲಿಗೆ ಮರುಳಾಗಿದ್ದೆನಲ್ಲ! ಹುಡುಗರ ಉತ್ತರಪತ್ರಿಕೆಯ ಅಂಚು ಕತ್ತರಿಸಿ ಚೀಟಿ ಮಾಡಿದೆ. ಅಂಟು ಇರಲಿಲ್ಲ. ಆದರೆ ನೇಕಾರನ ಮನೆಯಲ್ಲಿ ಅಂಟಿಗೆ ಬರವೆ? ನೂಲಿಗೆ ಹಚ್ಚಲು ಕಾಯಿಸಿದ ಗಂಜಿ ಒಂದು ಗಡಿಗೆ ಮೂಲೆಯಲ್ಲಿತ್ತು. ಎಳೆ ಎಳೆ ಬಿಗಿಯಾಗಿ ನಿಲ್ಲುವಂತೆ ಮಾಡುವ ಗಂಜಿ ಒಂದು ಚೀಟಿಯನ್ನು ನಿಲ್ಲಿಸದೆ ಬಿಟ್ಟೀತೆ? ಕರಿಪಟ್ಟಿಗೂ ಬಿಳಿಪಟ್ಟಿಗೂ ಭೇದವೆಣಿಸದೆ ಧಾರಾಳವಾಗಿ ಬಳಿದೆ. ಜಿಪುಣತನದಿಂದ ಸಾಮ್ರಾಜ್ಯಗಳು ಹಾಳಾದದ್ದನ್ನು ನಾನು ಓದಿದ್ದೆ.

ಒಣಗಲಿ ಎಂದು ಬಿಟ್ಟೆ. ಒಣಗಿತು. ಚೀಟಿಗಳು ಅಲುಗಲಿಲ್ಲ. ಪಟ್ಟಿಗಳೂ ಅಲುಗಲಿಲ್ಲ!

ಜೋರಿನಿಂದ ಒಂದನ್ನು ಒತ್ತಿದೆ. ಆಚೀಚೆಯ ಎರಡು ಅದರ ಜೊತೆಗೆ ಇಳಿದವು, ಅಕ್ಕತಂಗಿಯರು ಕೈ ಹಿಡಿದು ಬಾವಿಗೆ ಇಳಿದಂತೆ. ಮೂರೂ ಕೂಡಿ ಭೋರ್ಗರೆದವು. ಕೈ ತೆಗೆದರೂ ಮೇಲೆ ಬರಲಿಲ್ಲ. ನಾನು ಗಾಬರಿಯಾಗಿ ಪುಸ್ತಕ ತಿರುವಿದೆ. ಅಲ್ಲಿ ಮುಂದಿನ ಪುಟಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು: ಜಾಝ್ ಎಂದರೆ ಮೂರು ನಾಲ್ಕು ಸ್ವರ ಒಮ್ಮೆಲೇ ಒತ್ತಬೇಕು. ನಾನು ಇನ್ನೂ ಆ ಪಾಠಕ್ಕೆ ಬಂದಿರಲಿಲ್ಲ. ಪೇಟಿ ಬಂದಿತ್ತು!

ಒಳಗಿನಿಂದ ಕೂಗು ಬಂತು: "ರೀ, ಎಮ್ಮಿ ಯಾಕ ಹಂಗ ಒದರಾಕತ್ತೈತಿ?"

"ಎಮ್ಮಿ ಅಲ್ಲ, ಜಾಝು."

"ಪೇಟಿಗೆ ಏನೂ ಆಗಿಲ್ಲಲಾ?"

"ಏನಾಗತೈತಿ? ಅದಕ್ಕೂ ವಿದ್ಯಾ ಹತ್ತಾಕತ್ತೈತಿ."

ಹೀಗೆ ಹೇಳಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿದೆ. ಒಣಗಿದ್ದ ಗಂಜಿಗೆ ನೀರು ಕುಡಿದು ಮರುಜನ್ಮ ಬಂತು. ಮೇಲಿದ್ದದ್ದು ಸಂದಿಗೆ ಇಳಿಯಿತು, ಸಂದಿಯಲ್ಲಿದ್ದದ್ದು ಹೊಟ್ಟೆಗೆ. ಎರಡನೆಯ ಪುಸ್ತಕ ನಿರುಪಯುಕ್ತವೆಂದು ಕೋಪದಿಂದ ಬರೆದಿಟ್ಟೆ. ಗಂಜಿಯ ಬಗ್ಗೆ ಆ ಕರ್ತೃ ಒಂದು ಮಾತಾದರೂ ಎಚ್ಚರಿಕೆ ಕೊಡಬೇಡವೆ!

ಉಳಿದದ್ದು ಮೂರನೆಯ ಪುಸ್ತಕ. ಚಿತ್ರಗಳು ಚಲೋ ಇದ್ದವು. ಆದರೆ ಪ್ರತಿ ಚಿತ್ರದಲ್ಲೂ ಎರಡು ಕೈಗಳು! ಪೇಟಿ ಬಾರಿಸುವವನಿಗೆ ಒಂದೇ ಕೈ ಬಿಡುವು, ಇನ್ನೊಂದು ಬೆನ್ನಿನ ತಿದಿ ಒತ್ತಿ ಗಾಳಿ ಹಾಕಬೇಕು. ಎರಡೂ ಕೈ ಪಟ್ಟಿಗಳ ಮೇಲಿಟ್ಟರೆ ಗಾಳಿ ಹಾಕುವವರು ಯಾರು? ಶಾಂತವ್ವನನ್ನು ಕರೆದರೆ ಪೇಟಿಯ ದುರವಸ್ಥೆ ಕಾಣುತ್ತದೆ. ವಿಚಾರ ಮಾಡುತ್ತ ಕೂತವನ ಕಣ್ಣು ಅಪ್ಪನ ಮಗ್ಗದ ಮೇಲೆ ಬಿತ್ತು. ನೇಕಾರ ಕೈಯಿಂದ ಲಾಳಿ ಎಸೆಯುತ್ತಾನೆ, ಕುಣಿಯೊಳಗಿನ ಹಲಗೆಗಳನ್ನು ಕಾಲಿನಿಂದ ತುಳಿಯುತ್ತಾನೆ. ಕಾಲು! ಇಷ್ಟು ದೊಡ್ಡ ಶೋಧ ನಮ್ಮ ಮನೆಯ ನೆಲದಲ್ಲೇ ಹೂತು ಬಿದ್ದಿತ್ತು!

ಅಪ್ಪ ನೂಲು ತರಲು ಪೇಟೆಗೆ ಹೋಗಿದ್ದ. ಪೇಟಿಯನ್ನು ಮಗ್ಗದ ಮಗ್ಗುಲಿಗೆ ಇಟ್ಟು, ತಿದಿಗೆ ಹಗ್ಗ ಕಟ್ಟಿ, ಆ ಹಗ್ಗದ ತುದಿಯನ್ನು ತುಳಿಯುವ ಹಲಗೆಗೆ ಬಿಗಿದು, ಕುಣಿಗೆ ಇಳಿದೆ. ತುಳಿದೆ. ಗಾಳಿ ಬಂತು! ಎರಡೂ ಕೈಯಿಂದ ಸಿಕ್ಕಷ್ಟು ಪಟ್ಟಿ ಒತ್ತಿದೆ. ಒತ್ತಿದವು ಒತ್ತಿದಂತೆಯೇ ಕೂತವು. ಅಷ್ಟರಲ್ಲಿ ಅಂಗಳದಲ್ಲಿ ಅಪ್ಪನ ಚಪ್ಪಲಿ ಸದ್ದು. ಗೂಟದ ಮೇಲಿದ್ದ ಧೋತರ ಪೇಟಿಯ ಮೇಲೆ ಎಸೆದು, ಪುಸ್ತಕ ಎತ್ತಿಕೊಂಡು, ಹಿತ್ತಲಿಗೆ ಓಡಿದೆ. ಹಗ್ಗ ಬಿಚ್ಚುವುದು ಪುಸ್ತಕದಲ್ಲಿ ಬರೆದಿರಲಿಲ್ಲ.

ಅಪ್ಪ ಬಂದು ಎಂದಿನಂತೆ ಕುಣಿಗೆ ಇಳಿದ, ತುಳಿದ.

ಭೋಂ!

ಕಾಲು ತೆಗೆದ. ಸುಮ್ಮನಾಯಿತು. ಮತ್ತೆ ತುಳಿದ. ಭೋಂ!

"ಏ ಇವಳ, ಮಗ್ಗ ಯಾಕ ನರಳಾಕತ್ತೈತಿ ನೋಡ" ಎಂದ. ಅವ್ವ ಒಳಗಿನಿಂದಲೇ, "ಎಣ್ಣಿ ಬಿಡ್ರಿ ಅದಕ್ಕ, ಮೈ ಒಣಗಿರಬೇಕು" ಎಂದಳು. ಅಪ್ಪ ಮಗ್ಗದ ಮೂಲೆಮೂಲೆಗೆ ಎಣ್ಣೆ ಬಿಟ್ಟ, ತುಳಿದ. ಎಣ್ಣೆ ಕುಡಿದ ಮಗ್ಗ ಇನ್ನೂ ಹುರುಪಿನಿಂದ ಭೋಂಗುಟ್ಟಿತು. ಒಪ್ಪಿಕೊಂಡ ಸೀರೆ ಮುಗಿಯಬೇಕು. ಅಪ್ಪ ಹಠ ಹಿಡಿದು ನೇಯತೊಡಗಿದ. ಲಾಳಿ ಟಕ್ ಎನ್ನುತ್ತದೆ, ಪೇಟಿ ಭೋಂ ಎನ್ನುತ್ತದೆ, ಟಕ್, ಭೋಂ, ಟಕ್ ಟಕ್, ಭೋಂ! ಹಿತ್ತಲಲ್ಲಿ ನಿಂತ ನನಗೂ ಕಾಲು ಕುಣಿಸಬೇಕೆನಿಸಿತು.

ಆಗಲೇ ಚೇರ್ಮನ್ನರು ಇಬ್ಬರು ಕಮಿಟಿ ಮೆಂಬರರೊಡನೆ ತೀರ್ಪು ಕೇಳಲು ಬಂದದ್ದು! ನಾನು ಸಂದಿನಿಂದ ಸುತ್ತಿ ಮುಂಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅಂದಾನಪ್ಪನವರು ಹೊಸ್ತಿಲಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಇದ ನೋಡ್ರಿ, ಸಿನಿಮಾದಾಗ ಖರೇ ಹಿಂಗ ಬಾರಸ್ತಾರ! ಮಾಸ್ತರ, ತಂದಿಯವರಿಗೂ ಕಲಿಸಿಬಿಟ್ಟಿರೇನ್ರಿ?"

"ಅದು... ಅವರು... ಕಾಲಿನಿಂದ..."

"ಕಾಲಿನಿಂದ!" ಮೆಂಬರರು ಒಬ್ಬರ ಮುಖ ಒಬ್ಬರು ನೋಡಿದರು.

"ಸಾಲಿ ಮೆಟ್ಟಲಾ ಹತ್ತದವರಿಗೆ, ಅದೂ ಕಾಲಿಗೆ ಬರತೈತಿ ಅಂದ್ರ, ಅದ ಪುಸ್ತಕ!" ಎಂದು ನನ್ನ ಕೈಯಲ್ಲಿದ್ದ ಮೂರನೆಯದನ್ನು ಕಸಿದು ಎದೆಗೆ ಒತ್ತಿಕೊಂಡರು ಚೇರ್ಮನ್ನರು. "ಇದ ಅಲ್ರಿ? ಬರೀರಿ ಲಗೂ!"

ನಿಜ ಹೇಳಬೇಕೆಂದರೆ ಪೇಟಿಯ ಸ್ಥಿತಿ ಹೇಳಬೇಕು. ಪೇಟಿಯ ಸ್ಥಿತಿ ಹೇಳಿದರೆ ಶಾಂತವ್ವ ಒಳಗೇ ಇದ್ದಾಳೆ. ಬರೆದೆ: "ಸದರಿ ಗ್ರಂಥವನ್ನು ನಾನು ಸ್ವತಃ ಪ್ರಯೋಗಿಸಿ ಪರೀಕ್ಷಿಸಿದ್ದು, ಅದು ಸರ್ವರಿಗೂ, ವಿಶೇಷತಃ ನೇಕಾರರಿಗೆ, ಅತ್ಯಂತ ಉಪಯುಕ್ತವಾಗಿ ಕಂಡುಬಂದಿದೆ." ಸಹಿಯ ಮುಂದೆ ಬಿ.ಎ. ಎಂದು ಬರೆಯಲು ಮರೆಯಲಿಲ್ಲ. ಅವರು ಹೋಗುವಾಗ ಅಪ್ಪನಿಗೆ ಕೈಮುಗಿದರು. ಅಪ್ಪ ಎಣ್ಣೆಗೈಯಲ್ಲೇ ಮುಗಿದು, "ಇವರಿಗೇನಾಗೇತೋ? ಸೀರಿ ಕೊಳ್ಳಲಿಲ್ಲ, ಏನಿಲ್ಲ, ಬರೇ ಹಲ್ಲು ಕಿಸದು ಹೋದ್ರು" ಎಂದ.

ಸದ್ದಿಗೆ ಹೊರಬಂದ ಶಾಂತವ್ವ ಹಗ್ಗದ ಜಾಡು ಹಿಡಿದು ಹೋಗಿ ಧೋತರ ಎತ್ತಿದಳು. ಒಂದು ಪಟ್ಟಿ ಒತ್ತಿದಳು. ಮೂರು ಇಳಿದವು. ಒಂದೂ ಏಳಲಿಲ್ಲ.

ಬಯ್ಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚಲೋ ಇತ್ತು.

"ಹೊಳಿ ದಾಟಿ ಬಂದಿತ್ತಲ್ರಿ ಇದು" ಎಂದಳು, ಅಷ್ಟೇ.

ಗದಗಿನ ಪೇಟಿ ರಿಪೇರಿಯವನಿಗೆ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದೆ. ದಸರೆಗೆ ಬರುತ್ತೇನೆಂದು ಹೇಳಿ ಕಳಿಸಿದ. ಶ್ರಾವಣ ದಸರೆಯವರೆಗೆ ಕಾಯುವುದಿಲ್ಲವಲ್ಲ! ಶಾಂತವ್ವ ತಲೆಪಿನ್ನು ಹಿಡಿದು ಸಂದಿ ಸಂದಿಯ ಗಂಜಿ ಕೆರೆದಳು. ನಾನು ಪಕ್ಕದಲ್ಲಿ ಕಂದೀಲು ಹಿಡಿದೆ. ಕೊನೆಗೆ ಒಂದು ಒತ್ತಿದರೆ ಒಂದೇ ಇಳಿಯುವ ಹಂತಕ್ಕೆ ಬಂತು. ಆದರೆ ಇಳಿದದ್ದು ತಾನಾಗಿ ಏಳುತ್ತಿರಲಿಲ್ಲ. ಯಾರಾದರೂ ಎತ್ತಬೇಕು.

ಸೋಮವಾರ ಬಂತು. ಗುಡಿ ತುಂಬ ಹೆಂಗಸರು. ಸುದ್ದಿ ಹೇಗೋ ಹರಡಿ ಮೇಲಿನ ಓಣಿಯವರೂ ತಾಳ ಸಮೇತ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಪೇಟಿ ಇಳಿಸಿ ಹೊರಡಬೇಕು, ಶಾಂತವ್ವ ಕರೆದಳು:

"ಎಲ್ಲಿ ಹೊಂಟ್ರಿ? ಎದುರಿಗೆ ಕೂಡ್ರಿ."

"ನಾನ? ಹೆಣ್ಮಕ್ಕಳ ಭಜನ್ಯಾಗ?"

"ನಾ ಒತ್ತತೀನಿ, ನೀವು ಎತ್ರಿ."

ಕೂತೆ. ಅವಳು ಒತ್ತುತ್ತಿದ್ದಳು, ನಾನು ಉಗುರು ತೂರಿಸಿ ಎತ್ತುತ್ತಿದ್ದೆ. ನಾನು ತಡಮಾಡಿದರೆ ಹಾಡು ತಡವಾಗುತ್ತಿತ್ತು. ಇಡೀ ಓಣಿಯ ಭಕ್ತಿ ಬಾಯಿ ತೆರೆದುಕೊಂಡು ನನ್ನ ಬೆರಳಿಗೆ ಕಾಯುತ್ತಿತ್ತು. "ಎತ್ರಿ, ಎತ್ರಿ" ಎಂದು ಅವಳು ಹಾಡಿನ ನಡುವೆಯೇ ರಾಗದಲ್ಲಿ ಹೇಳಿದರೆ, ಹಿಂದಿನವರು ಅದೂ ಭಜನೆಯೇ ಎಂದು ತಿಳಿದು "ಎತ್ರಿ, ಎತ್ರಿ" ಎಂದು ತಾಳ ಹಾಕಿದರು. ಆದರೂ ಹಾಡು ನಿಲ್ಲಲಿಲ್ಲ. ಮೂರನೆಯ ಪದಕ್ಕೆ ಬರುವಷ್ಟರಲ್ಲಿ ಶಾಂತವ್ವನ ಕತ್ತು ಮೆಲ್ಲಗೆ ನೆಟ್ಟಗಾಯಿತು.

ಪದ ಮುಗಿದಾಗ ಮೇಲಿನ ಓಣಿಯ ಮುಂದಾಳು ನೀಲವ್ವ, ಹಲ್ಲಿಲ್ಲದ ಮುದುಕಿ, ನನ್ನನ್ನೇ ದಿಟ್ಟಿಸಿ ನೋಡಿ ಗುಡಿಗೆಲ್ಲ ಕೇಳುವಂತೆ ಹೇಳಿದಳು:

"ಯವ್ವಾ, ಅಷ್ಟ ವರ್ಷ ಧಾರವಾಡದಾಗ ಕುಂತು ಈ ಹುಡುಗ ಏನು ಕಲಿತಾನ ಅಂತ ಕೇಳ್ತಿದ್ನಿ. ಇವತ್ತ ಕಣ್ಣಾರೆ ಕಂಡ್ನಿ!"

ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತವ್ವ ಮುಂದಿನ ಪದಕ್ಕೆ ಒತ್ತಿದ ಪಂಚಮದ ಪಟ್ಟಿ ಒಳಗೆ ಕೂತಿತು.

ಎತ್ತಿದೆ.